ಬರ್ತೀನಿ ಅಂದು ಹೋದವನು

ಆ ಬೆಳಿಗ್ಗೆ ಗಾಳಿ ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. ಮೋಡವಿಲ್ಲ, ಹನಿಯಿಲ್ಲ, ಬಿಸಿಲು ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಗಾಳಿ ಮಾತ್ರ ಸಮುದ್ರದ ಕಡೆಯಿಂದ ಎದ್ದು ಬಂದು, ಮನೆಯಲ್ಲಿ ಏನೋ ಕಳೆದುಕೊಂಡವರು ಹಾಸಿಗೆ ಹೊದಿಕೆ ಕೊಡವಿ ಕೊಡವಿ ನೋಡುವಂತೆ, ಬಂದರಿನ ಬೀದಿಯ ಒಂದೊಂದು ಅಂಗಡಿಯ ಮುಂದಿನ ಬಟ್ಟೆಯನ್ನೂ ಎತ್ತಿ ನೋಡಿ ಬಿಡುತ್ತಿತ್ತು. ಕೆಲವನ್ನು ಹರಿದೂ ನೋಡಿತು.

ದೇವರು ಕೆಲವರಿಗೆ ಕನಸಿನಲ್ಲಿ ಬಂದು ಹೇಳುತ್ತಾನಂತೆ, ಕೆಲವರಿಗೆ ಹಿರಿಯರ ಬಾಯಲ್ಲಿ ಹೇಳಿಸುತ್ತಾನಂತೆ. ಬಂದರಿನ ಬೀದಿಯಲ್ಲಿ ಟಾರ್ಪಾಲು ಹೊಲಿಯುವ ಅಕ್ಕನಿಗೆ ಗಾಳಿಯ ಕೈಯಲ್ಲಿ ಹೇಳಿ ಕಳಿಸಿದ. ಆದರೆ ಅದು ಅವಳಿಗೆ ಗೊತ್ತಾಗಿದ್ದು ಹೊತ್ತು ಇಳಿದ ಮೇಲೆ. ಬೆಳಿಗ್ಗೆ ಅವಳ ಕಣ್ಣಿಗೆ ಕಂಡದ್ದು ಬರೀ ಕೆಲಸ. ಹರಿದ ಬಟ್ಟೆ ಹೊತ್ತವರು ಬಾಗಿಲಲ್ಲಿ ಸಾಲುಗಟ್ಟಿದ್ದರು.

ಅವಳದು ಉದ್ದನೆಯ, ಸ್ವಲ್ಪ ಕತ್ತಲೆಯ ಅಂಗಡಿ. ನೆಲಕ್ಕೆ ಹಲಗೆ ಹಾಸಿದೆ, ಬಟ್ಟೆ ಎಳೆದಾಡಿ ಎಳೆದಾಡಿ ಹಲಗೆ ಕನ್ನಡಿಯಾಗಿದೆ. ಗೋಡೆಯ ಮೊಳೆಗಳಲ್ಲಿ ಮೇಣ ಹಚ್ಚಿದ ದಾರದ ಸುರುಳಿಗಳು, ಡಬ್ಬಿಯಲ್ಲಿ ಹಿತ್ತಾಳೆಯ ಬಳೆಗಳು. ಹಗ್ಗ ತೂರಿಸಲು ಬಟ್ಟೆಯ ಮೂಲೆಗೆ ಕೂರಿಸುವ ಈ ಬಳೆಗೆ ಅವರು ಕಣ್ಣು ಅನ್ನುತ್ತಾರೆ. ಹಿಂದೆ ಇದೇ ಹಲಗೆಯ ಮೇಲೆ ಹಡಗಿನ ಹಾಯಿ ಹೊಲಿಯುತ್ತಿದ್ದರು. ಹಾಯಿ ಹೋಯಿತು, ಲಾರಿ ಬಂತು. ಸೂಜಿ ಮಾತ್ರ ಅದೇ ಅಳತೆಯದು. ಅಕ್ಕ ಮೂಲೆ ಹೊಲಿಯುವಾಗ ಅಂಗೈಗೆ ಕಟ್ಟಿಕೊಳ್ಳುವ ತೊಗಲಿನ ಪಟ್ಟಿಯೂ ಅದೇ ಹಳೆಯ ಮಾದರಿಯದು. ಪಕ್ಕದ ಯಂತ್ರದ ಮೇಲೆ ಅವಳ ತಮ್ಮ. ಅವನು ಎದುರು ಮಾತಾಡದ ದಿನವಿಲ್ಲ, ಅದಕ್ಕೆ ಬೀದಿಯವರು ಅವನನ್ನು ವಕೀಲ ಅನ್ನುತ್ತಾರೆ. ಹಿಂದಿನ ಕೋಣೆಯಲ್ಲಿ ಅಜ್ಜಿ.

ಈ ಅಜ್ಜಿಯ ಮನೆಯಲ್ಲಿ ಒಂದು ಮಾತು ನಿಷೇಧ. ಎಲ್ಲ ಮನೆಗಳಲ್ಲೂ ಹೊರಡುವವರು "ಬರ್ತೀನಿ" ಅನ್ನುತ್ತಾರೆ. ಹೋಗ್ತೀನಿ ಅಂದರೆ ಅಪಶಕುನ, ಮನೆಯವರು ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ. ಇಲ್ಲಿ ಎಲ್ಲ ತಿರುಗುಮುರುಗು. ಯಾರಾದರೂ ಬಾಯಿ ತಪ್ಪಿ ಬರ್ತೀನಿ ಅಂದರೆ ಸಾಕು, ಒಳಗಿನಿಂದ ಅಜ್ಜಿಯ ದನಿ ಬರುತ್ತದೆ: "ಹೋಗ್ತೀಯ ತಾನೆ? ಹೋಗ್ತೀನಿ ಅನ್ನು. ಇದ್ದಿದ್ದು ಹೇಳೋಕೆ ಏನು ರೋಗ?" ಗಿರಾಕಿಗಳಿಗೂ ಇದು ಗೊತ್ತು. ಮಾತಾಡದೆ ತಲೆಯಾಡಿಸಿ ಇಳಿದು ಹೋಗುತ್ತಾರೆ.

ಕಾರಣ ಇಷ್ಟೇ. ಅಜ್ಜಿ ಐದು ಕಲ್ಲಾಡುವ ವಯಸ್ಸಿನ ಹುಡುಗಿಯಾಗಿದ್ದಾಗ ಅವಳ ಅಪ್ಪ ಹಡಗಿನಲ್ಲಿ ಹಾಯಿ ಹೊಲಿಯುವವನಾಗಿ ಹೊರಟ. ತನ್ನ ಸಾಣೆಕಲ್ಲು ಬಿದ್ದು ಒಡೆದಾಗ, ಅದರ ಚೂರುಗಳನ್ನೇ ಉಜ್ಜಿ ದುಂಡಗೆ ಮಾಡಿ ಮಗಳಿಗೆ ಐದು ಕಲ್ಲು ಮಾಡಿಕೊಟ್ಟಿದ್ದ. ಹೊರಡುವ ದಿನ ಹೊಸಿಲಲ್ಲಿ ಕೂತು ಅಂಗೈ ಚಾಚಿದ. "ಒಂದು ಕಲ್ಲು ಕೊಡೆ ಮಗಳೆ. ಸೂಜಿ ಮಸೆಯೋಕೆ ಬೇಕು. ಬಂದು ತಿರುಗಿ ಕೊಡ್ತೀನಿ." ಹುಡುಗಿ ಬೆರಳು ಬಿಡಿಸಿ, ಅಳೆದೂ ಸುರಿದೂ ಒಂದು ಕೊಟ್ಟಳು. "ಬರ್ತಿನಿ" ಅಂದ. ಹೋದ.

ಬರಲಿಲ್ಲ. ಹಡಗಿನವರು ಬೇರೆ ಬೇರೆ ಸುದ್ದಿ ತಂದರು. ಕೊನೆಗೆ ಉಳಿದದ್ದು ಬೀದಿಯವರ ಮಾತು: ಅಲ್ಲೆಲ್ಲೋ ಇನ್ನೊಂದು ಸಂಸಾರ ಕಟ್ಟಿಕೊಂಡಿದ್ದಾನೆ, ಇವರನ್ನ ಮರೆತ. ಅಜ್ಜಿಯ ತಾಯಿ ಆ ಮಾತು ಕೇಳಿಸಿಕೊಳ್ಳುತ್ತಲೇ ಬದುಕಿ ಕಣ್ಣು ಮುಚ್ಚಿದಳು. ಅಜ್ಜಿ ಅದನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ. ಉಳಿದ ನಾಲ್ಕು ಕಲ್ಲು ದೇವರ ಗೂಡಿನಲ್ಲಿ, ದೀಪದ ಪಕ್ಕ ಇಟ್ಟಳು. ಮುಪ್ಪು ಬಂತು, ಬರ್ತೀನಿ ಅನ್ನುವುದೊಂದು ಬಿಟ್ಟು ಉಳಿದ ಮಾತಿಗೆ ಕಿವಿ ಮಂದವಾಯಿತು, ದೀಪ ಹಚ್ಚುವಾಗ ಆಡುವ ಮಾತು ಬದಲಾಗಲಿಲ್ಲ: "ಬಿಟ್ಟು ಹೋದನೋ, ಸತ್ತು ಹೋದನೋ, ಒಂದು ಹೇಳಪ್ಪ ತಂದೆ. ಯಾವುದಾದರೂ ಸರಿ, ತಡ್ಕೋತೀನಿ."

ದೇವರು ಹೇಳಲಿಲ್ಲ ಅಂತ ಅಕ್ಕ ಹುಡುಕಿದಳು. ಹೊಲಿಗೆಯ ನಡುವೆ ಸಿಕ್ಕ ಬಿಡುವಿನಲ್ಲೆಲ್ಲ, ದೂರದ ಬಂದರುಗಳಲ್ಲಿ ಪರದೇಶದ ನಾವಿಕರನ್ನು ಹೂಳಿದ ಜಾಗಗಳನ್ನು ಫೋನಿನಲ್ಲಿ ತಡಕಾಡಿದಳು. ಮುತ್ತಜ್ಜನ ಹೆಸರು ಎಲ್ಲೂ ಇರಲಿಲ್ಲ. ಒಂದೂರಿನ ಪುಣ್ಯಾತ್ಮರು ತಮ್ಮಲ್ಲಿನ ಸಮಾಧಿಕಲ್ಲುಗಳ ಪಟವನ್ನೆಲ್ಲ ಹಾಕಿದ್ದರು. ಅದರಲ್ಲಿ ಒಂದರ ಮೇಲೆ ಅವರ ಲಿಪಿಯಲ್ಲಿ ಬಾರ್ಟಿನಿ ಅಂತಿತ್ತು.

"ಯಾವನೋ ಸಂಗೀತಗಾರ ಇರಬೇಕು," ಅಂದಿದ್ದ ವಕೀಲ, ಹಲ್ಲಲ್ಲಿ ದಾರ ಕಡಿಯುತ್ತ. "ಮೀಸೆ ತಿರುವಿಕೊಂಡು ಪಿಟೀಲು ಬಾರಿಸೋನು. ಮುಂದೆ ಹೋಗೆ."

ಅಕ್ಕ ಬೆರಳು ಸರಿಸಿ ಮುಂದೆ ಹೋಗಿದ್ದಳು.

ಆ ಗಾಳಿಯ ಬೆಳಿಗ್ಗೆ ಬಂದವರಲ್ಲಿ ಒಬ್ಬ ಹಡಗಿನ ಅಡುಗೆಯವ. ಗುಂಡಗಿನ ಮುಖ, ಸುಟ್ಟ ಕಲೆಗಳಿದ್ದ ಮುಂಗೈ. ಅಡುಗೆಮನೆಯ ಹೊರಗೆ ತಾನು ತರಕಾರಿ ಹೆಚ್ಚುವ ಕಡೆ ಕಟ್ಟಿದ್ದ ನೆರಳಿನ ಬಟ್ಟೆ ನಡುವಿಗೆ ಸೀಳಿದೆ, ಸಂಜೆ ಹಡಗು ಹೊರಡುತ್ತದೆ ಅಂತ ಬಂದರಿನ ಮುರುಕು ಭಾಷೆಯಲ್ಲಿ ಹೇಳಿದ. ಆ ಭಾಷೆ ವಕೀಲನಿಗೆ ನೀರು ಕುಡಿದ ಹಾಗೆ. ಮಧ್ಯಾಹ್ನ ಬಾ ಅಂದ.

ಮಧ್ಯಾಹ್ನ ಬಂದು, ಬಟ್ಟೆಯನ್ನು ಮಡಚಿ ಹೆಗಲಿಗೇರಿಸಿ, ಕೈ ಮುಗಿದು ಮೆಟ್ಟಿಲಿಳಿದ. ಅಕ್ಕ ಬೇರೊಂದು ಟಾರ್ಪಾಲಿನ ಕೆಳಗೆ ಅರ್ಧ ತೂರಿಕೊಂಡು ಅಂಚು ಹೊಲಿಯುತ್ತಿದ್ದಳು. ಆಗ ಕೇಳಿಸಿತು.

"ಬರ್ತಿನಿ."

ಒಳಗಿನಿಂದ ಅಜ್ಜಿ: "ಯಾವೋನೋ ಅದು? ಹೋಗ್ತೀನಿ ಅನ್ನೋಕಾಗಲ್ವಾ?"

ಅಕ್ಕ ಟಾರ್ಪಾಲಿನಿಂದ ತಲೆ ಹೊರಗೆ ಹಾಕಿದಳು. "ಯಾಕೋ, ಅಜ್ಜೀನ ಕೆಣಕ್ತೀಯ?"

"ನಾನೆಲ್ಲಿ ಬಾಯಿ ಬಿಟ್ಟೆ?" ವಕೀಲನ ಕೈ ಯಂತ್ರದ ಮೇಲೇ ನಿಂತಿತ್ತು. "ಅವನು ಅಂದಿದ್ದು. ಅಡುಗೆಯವನು."

"ಅವನಿಗೆ ನಮ್ಮ ಮಾತು ಬರುತ್ತಾ?"

"ನೂಲಿಗೆ ಏನಂತಾರೆ ಅಂತಾನೂ ಗೊತ್ತಿಲ್ಲ. ಬೆಳಿಗ್ಗೆ ಅದಕ್ಕೆ ಕೈಸನ್ನೆ ಮಾಡ್ತಿದ್ದ."

ಅಕ್ಕ ಆ ಮಾತನ್ನು ತನ್ನ ಬಾಯಲ್ಲೇ ಮೆಲ್ಲಗೆ ಆಡಿ ನೋಡಿದಳು. ಬರ್ತಿನಿ. ಎರಡನೇ ಸಲ ಆಡುವಾಗ ನಾಲಿಗೆ ತಾನಾಗಿ ಸ್ವಲ್ಪ ಗಟ್ಟಿಯಾಯಿತು. ಬಾರ್ಟಿನಿ. ಪಟದಲ್ಲಿ ಕಂಡಿದ್ದ ಆ ಕಲ್ಲು, ಅದರ ಮೇಲಿನ ಪಾಚಿ, ತಾನು ಸರಿಸಿದ ಬೆರಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಗಾಡಿ ತೆಗಿ," ಅಂದಳು.

"ಏನಾಯ್ತು?"

"ನಿನ್ನ ಪಿಟೀಲಿನವನು ನಮ್ಮ ಮುತ್ತಜ್ಜ ಕಣೋ. ತೆಗಿ ಗಾಡಿ."

ವಕೀಲ ಜನ್ಮದಲ್ಲಿ ಮೊದಲ ಸಲ ಎದುರು ಮಾತಾಡಲಿಲ್ಲ.

ಬೀದಿಯಲ್ಲಿ ಅಡುಗೆಯವ ಕಾಣಲಿಲ್ಲ. ಗಾಳಿ ಮರಳು ತೂರುತ್ತಿತ್ತು. ತಮ್ಮನ ಸ್ಕೂಟರಿನ ಹಿಂದೆ ಕೂತ ಅಕ್ಕನ ಎದೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಮೀನು ಬುಟ್ಟಿಗಳ ನಡುವೆ, ಇಳಿಸುತ್ತಿದ್ದ ಮೂಟೆಗಳ ಸಂದಿನಲ್ಲಿ ನುಗ್ಗಿ ಬಂದರಿನ ಗೇಟಿಗೆ ಬಂದರೆ, ಅಲ್ಲಿ ಕಾವಲುಗಾರ ಕಾಲು ಚಾಚಿ ಕೂತಿದ್ದ. ಚೀಟಿ ಇಲ್ಲದೆ ಒಳಗೆ ಬಿಡುವ ಪದ್ಧತಿಯಿಲ್ಲ ಅಂದ.

ಅಕ್ಕನಿಗೆ ಆಗ ಫಕ್ಕನೆ ನೆನಪಾಯಿತು. ಸದಾ ಸೊಂಟದಲ್ಲಿರುವ ಕೆಲಸದ ಚೀಲದಿಂದ ಸುತ್ತಿಗೆ ತೆಗೆದಳು. "ನೋಡಣ್ಣ, ಅಡುಗೆಯವನ ಬಟ್ಟೆಗೆ ನಾಲ್ಕನೇ ಕಣ್ಣು ಹೊಡೆದಿಲ್ಲ. ಮೂರೇ ಹೊಡೆದು ಕಳಿಸಿಬಿಟ್ಟೆ."

"ಬಟ್ಟೆಗೆ ಕಣ್ಣು ಯಾಕಮ್ಮ?"

"ಕಣ್ಣಿಲ್ಲದಿದ್ರೆ ಆ ಬಟ್ಟೆ ಈ ಗಾಳಿಗೆ ಹಾರಿ ಬಂದು ನಿಮ್ಮ ಮುಖಕ್ಕೇ ಸುತ್ಕೊಳ್ಳುತ್ತೆ. ಆಮೇಲೆ ನಿಮ್ಮ ಕಣ್ಣಿಗೆ ನಾನೇನು ಮಾಡ್ಲಿ?"

ಕಾವಲುಗಾರ ನಕ್ಕು ಸರಪಳಿ ಕೆಳಗಿಳಿಸಿದ. "ಬೇಗ ಬನ್ನಿ."

"ಸುಳ್ಳು ಹೇಳೋಕೂ ಕಲಿತೆ," ಅಂದ ವಕೀಲ, ಓಡುತ್ತ.

"ಸುಳ್ಳಲ್ಲ ಕಣೋ. ಕೈಬಿಟ್ಟು ಹೋಗಿದೆ ನಿಜವಾಗ್ಲೂ. ದೇವರೇ ಬಿಡಿಸಿದ್ದು."

ಅಡುಗೆಯವ ಹಡಗಿನ ಏಣಿಯ ಬುಡದಲ್ಲಿ ನಿಂತು ಬಟ್ಟೆ ಬಿಚ್ಚಿ, ಕಣ್ಣಿಲ್ಲದ ಮೂಲೆಯನ್ನು ಹಿಡಿದು ಪೆಚ್ಚಾಗಿ ನೋಡುತ್ತಿದ್ದ. ಇಬ್ಬರು ಏದುಸಿರು ಬಿಡುತ್ತ ಬಂದದ್ದು ಕಂಡು, ಇಷ್ಟಕ್ಕೇ ಇಷ್ಟು ಓಡಿ ಬಂದರಲ್ಲ ಅಂತ ಅವನಿಗೆ ಭಾರಿ ಸಂತೋಷವಾಯಿತು. ಅಕ್ಕ ಅಲ್ಲೇ ಮಂಡಿಯೂರಿ ಕಲ್ಲಿನ ಮೇಲೆ ಮೂಲೆ ಹಾಸಿ ಕಣ್ಣು ಹೊಡೆದಳು. ಸುತ್ತಿಗೆ ಇಡುತ್ತಲೇ ಕೇಳಿದಳು. ತಮ್ಮ ಮುರುಕು ಭಾಷೆಗೆ ತಿರುಗಿಸಿದ.

"ಹೊರಡುವಾಗ ಏನೋ ಅಂದೆಯಲ್ಲ, ಅದು ಯಾವ ಮಾತು?"

"ಬರ್ತಿನಿ?" ಅಡುಗೆಯವ ಹೆಗಲು ಕುಣಿಸಿದ. "ಹೊರಡುವಾಗ ಅನ್ನೋ ಮಾತು."

"ನಿಮ್ಮ ದೇಶದಲ್ಲಿ ಎಲ್ಲರೂ ಅಂತಾರಾ?"

"ದೇಶದಲ್ಲಾ? ಪಕ್ಕದ ಬೀದಿಯಲ್ಲೂ ಅನ್ನಲ್ಲ. ನಮ್ಮ ಬೀದಿಯಲ್ಲಿ ಮಾತ್ರ. ನನ್ನ ಹೆಂಡತಿ ಬೇರೆ ಬೀದಿಯವಳು, ಮದುವೆ ಹೊಸತರಲ್ಲಿ ನಗ್ತಿದ್ದಳು. ಈಗ ಅವಳೇ ದಿನಾ ಅಂತಾಳೆ. ಅರ್ಥ ಯಾರಿಗೂ ಗೊತ್ತಿಲ್ಲ. ಎಲ್ಲಿಂದ ಬಂತು ಅಂತ ನಮ್ಮಮ್ಮನಿಗೆ ಗೊತ್ತಿರಬೇಕು."

ವಕೀಲ ಅಕ್ಕನ ಮುಖ ನೋಡಿದ. ಅಕ್ಕ ಹಡಗು ನೋಡಿದಳು. ಅದರ ಹೊಗೆಕೊಳವೆಯಿಂದ ಆಗಲೇ ತೆಳ್ಳಗೆ ಹೊಗೆ ಏಳುತ್ತಿತ್ತು.

"ರಾತ್ರಿಯ ಅಡುಗೆ ಆಗಿದೆಯಾ ಕೇಳು," ಅಂದಳು.

ಆಗಿತ್ತು. ವಕೀಲ ಅಜ್ಜಿಯ ವಿಷಯ ಎರಡು ಮಾತಿನಲ್ಲಿ ಅವನಿಗೆ ಹೇಳಿದ, ಸ್ಕೂಟರಿನ ಮೇಲೆ ಮೂವರು ಕೂತರು. ಗೇಟಿನಲ್ಲಿ ಕಾವಲುಗಾರ, "ಅಮ್ಮ, ಬಟ್ಟೆ ರಿಪೇರಿಗೆ ಹೋಗಿ ಮನುಷ್ಯನನ್ನೇ ಹೊತ್ಕೊಂಡು ಹೊರಟ್ಯಲ್ಲ" ಅಂತ ಕೂಗಿದ್ದು ಗಾಳಿಯಲ್ಲಿ ಹಿಂದೆ ಉಳಿಯಿತು.

ಅಜ್ಜಿಗೆ ಹೇಗೆ ಹೇಳುವುದು ಅಂತ ಅಕ್ಕ ದಾರಿಯುದ್ದಕ್ಕೂ ಯೋಚಿಸಿದ್ದಳು. ಹೇಳುವ ಅಗತ್ಯವೇ ಬರಲಿಲ್ಲ. ಅಜ್ಜಿ ಗೋಡೆ ಹಿಡಿದುಕೊಂಡು ಅಂಗಡಿಯ ನಡುವಿಗೇ ಬಂದು ನಿಂತಿದ್ದಳು. ಆ ಕೋಣೆ ದಾಟಿ ಅವಳು ಹೊರಗೆ ಬಂದು ಎಷ್ಟೋ ಕಾಲವಾಗಿತ್ತು.

"ಅದು ಕಲಿತು ಆಡಿದ ದನಿ ಅಲ್ಲ ಕಣೆ," ಅಂದಳು. "ನಮ್ಮಪ್ಪ ತೀ ಅನ್ನೋದನ್ನ ಅರ್ಧ ನುಂಗ್ತಿದ್ದ. ಇವನೂ ನುಂಗ್ತಾನೆ. ಎಲ್ಲಿಯವನಿವನು?"

ಅಡುಗೆಯವ ಹಲಗೆಯ ಮೇಲೆ ಅಜ್ಜಿಯ ಪಕ್ಕ ಕೂತು ತನ್ನ ಊರಿಗೆ ಫೋನು ಹಚ್ಚಿದ. ಗಾಜಿನಲ್ಲಿ ಒಂದು ಅಡುಗೆಮನೆ ಕಂಡಿತು. ತೆರೆದ ಕಿಟಕಿ, ಒಣಗಿಹಾಕಿದ ಬಟ್ಟೆ, ಆಮೇಲೆ ಬೆಳ್ಳಗಿನ ಕೂದಲಿನ ಒಬ್ಬ ತಾಯಿ, ಅವಳ ಮೂಗು ಮಾತ್ರ. "ಸ್ವಲ್ಪ ದೂರ ಹಿಡಿಯಮ್ಮ" ಅಂದಿರಬೇಕು ಮಗ. ಮುಖ ಪೂರ್ತಿಯಾಯಿತು. ಅವಳು ಹೇಳಿದ್ದನ್ನು ಮಗ ಮುರುಕು ಭಾಷೆಗೆ, ವಕೀಲ ಕನ್ನಡಕ್ಕೆ, ಅಕ್ಕ ಅಜ್ಜಿಯ ಕಿವಿಗೆ, ಹೀಗೆ ತುಂಬಿದ ಬಿಂದಿಗೆ ಕೈಯಿಂದ ಕೈಗೆ ದಾಟಿಸುವಂತೆ ದಾಟಿಸಿದರು.

ಅದು ಆ ತಾಯಿಯ ಅಜ್ಜಿಯ ಕಾಲದ ಮಾತಂತೆ. ಬಂದರಿನ ಹತ್ತಿರ ಒಂದು ಹಡಗು ಬಂಡೆಗೆ ತಗುಲಿ ಒಡೆಯಿತು. ಉಳಿದವರಲ್ಲಿ ಒಬ್ಬ ಇವರ ಮನೆಯ ಮೇಲಿನ ಕೋಣೆಯಲ್ಲಿದ್ದ. ಅಕ್ಷರ ಬರದು, ಅಲ್ಲಿಯ ಭಾಷೆ ಬರದು. ತನ್ನ ಕಡೆಗೆ ಹೋಗುವ ಹಡಗಿಗಾಗಿ ಕಾಯುತ್ತ, ಅಲ್ಲಿವರೆಗೆ ಹಾಯಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದ. ಬೆಳಿಗ್ಗೆ ಮೆಟ್ಟಿಲಿಳಿದು ಕೆಲಸಕ್ಕೆ ಹೊರಡುವಾಗ ಒಂದೇ ಮಾತು: ಬರ್ತಿನಿ. ಅವನ ನಿಜವಾದ ಹೆಸರಿಗೆ ಯಾರ ನಾಲಿಗೆಯೂ ತಿರುಗಲಿಲ್ಲ. ಮಕ್ಕಳು ಅದನ್ನೇ ಹೆಸರು ಮಾಡಿದರು. ಬರ್ತಿನಿ ಬಂದ, ಬರ್ತಿನಿ ಹೋದ.

"ಬರ್ತೀನಿ ಹೋದ," ಅಂದಳು ಅಜ್ಜಿ. ಅವಳ ತುಟಿಯ ಕೊನೆ ಅಲುಗಿತು. "ಮುಂದೆ?"

"ದಿನಾ ಹಾಗಂದು ಹೋಗ್ತಿದ್ದನಂತೆ, ದಿನಾ ಸಂಜೆ ಬಂದೇ ಬರ್ತಿದ್ದನಂತೆ," ಅಂದ ವಕೀಲ. "ಅದಕ್ಕೆ ಬೀದಿಯ ಹೆಂಗಸರು, ಈ ಮಾತು ಹೇಳಿ ಹೋದವರು ಮನೆಗೆ ಮರಳ್ತಾರೆ ಅಂತ ಹಿಡ್ಕೊಂಡ್ರಂತೆ. ಸಮುದ್ರಕ್ಕೆ ಹೋಗೋ ಗಂಡಂದಿರ ಬಾಯಲ್ಲಿ ಹೇಳಿಸಿಯೇ ಕಳಿಸ್ತಿದ್ರಂತೆ."

ಅಜ್ಜಿ ಅಕ್ಕನ ಮುಂಗೈ ಹಿಡಿದುಕೊಂಡಳು. ಉಗುರು ಇಳಿಯುವಷ್ಟು ಬಿಗಿ. "ಕೇಳು. ಅಲ್ಲಿ ಅವನಿಗೆ ಮನೆ, ಮಕ್ಕಳು, ಹೆಂಡತಿ ಇದ್ರಾ? ಮುಚ್ಚುಮರೆ ಮಾಡಬೇಡ ಅನ್ನು."

ಪ್ರಶ್ನೆ ಕೈಯಿಂದ ಕೈಗೆ ದಾಟಿ ಸಮುದ್ರದಾಚೆ ಹೋಯಿತು. ಹೊರಗೆ ಗಾಳಿಯೂ ಕಿವಿಗೊಟ್ಟ ಹಾಗಿತ್ತು. ಆ ತಾಯಿ ತಲೆಯಾಡಿಸಿದ್ದು ಗಾಜಿನಲ್ಲಿ ಕಂಡಿತು, ಮಾತು ಆಮೇಲೆ ಬಂತು.

"ಇಲ್ಲವಂತೆ. ಒಂದು ಚಾಪೆ, ಸೂಜಿ, ಅಂಗೈಗೆ ಕಟ್ಟೋ ತೊಗಲು, ಅಷ್ಟೇ. ಕೊನೆಗೂ ಈ ಕಡೆ ಬರೋ ಹಡಗು ಸಿಕ್ಕಿತ್ತಂತೆ. ಬಟ್ಟೆ ಗಂಟು ಕಟ್ಟಿಟ್ಟಿದ್ದ. ಅದೇ ವಾರ ಜ್ವರ." ವಕೀಲ ಅಜ್ಜಿಯ ಕಡೆ ತಿರುಗಿದ. "ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತಂತೆ ಅಜ್ಜಿ. ಮನೆಯವರೇ ಮಣ್ಣು ಮಾಡಿದ್ರು. ಕಲ್ಲು ನಿಲ್ಲಿಸಿ, ಗೊತ್ತಿದ್ದ ಹೆಸರು ಕೆತ್ತಿಸಿದ್ರು."

ಅಜ್ಜಿ ಎದ್ದು, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಿ, ದೇವರ ಗೂಡಿನಿಂದ ನಾಲ್ಕು ಕಲ್ಲು ತಂದು ಫೋನಿನ ಮುಂದೆ ಹಲಗೆಯ ಮೇಲೆ ಇಟ್ಟಳು. ಬೂದು ನೀಲಿ ಬಣ್ಣ. ಒಂದೊಂದರ ಮೈಯಲ್ಲೂ ಬೆಳ್ಳಗಿನ ಒಂದು ಗೆರೆ ಓಡಿತ್ತು.

ಗಾಜಿನಾಚೆಯ ತಾಯಿ ಕಣ್ಣು ಹತ್ತಿರ ತಂದಳು. ಏನೋ ಅಂದು, ಫೋನನ್ನು ಮೇಜಿನ ಮೇಲೆ ಮಲಗಿಸಿ ಎದ್ದು ಹೋದಳು. ಈಗ ಅವರ ಮನೆಯ ಸೂರು ಮಾತ್ರ ಕಾಣುತ್ತಿತ್ತು. ನಾಲ್ವರೂ ಆ ಸೂರನ್ನೇ ನೋಡುತ್ತ ಕೂತರು. ದೂರದಲ್ಲಿ ಕುರ್ಚಿ ಎಳೆದ ಸದ್ದು, ಏನೋ ಬಿದ್ದ ಸದ್ದು. ಅಡುಗೆಯವನಿಗೆ ಹಡಗು ಮರೆತೇ ಹೋಗಿತ್ತು.

"ಕುರ್ಚಿ ಹತ್ತಿದಳು ಅಂತ ಕಾಣುತ್ತೆ," ಅಂದ. "ಈ ವಯಸ್ಸಿನಲ್ಲಿ. ಬಿದ್ದರೆ ನನ್ನನ್ನೇ ಬಯ್ಯೋದು."

ಬೆಳ್ಳನೆಯ ಕೂದಲು ಮತ್ತೆ ಕಂಡಿತು. ಆಮೇಲೆ ಒಂದು ಅಂಗೈ. ಅಂಗೈಯಲ್ಲಿ ಕಲ್ಲು. ಬೂದು ನೀಲಿ ಬಣ್ಣ, ಬೆಳ್ಳನೆಯ ಗೆರೆ, ಒಂದು ಪಕ್ಕದಲ್ಲಿ ಸೂಜಿ ಮಸೆದು ಮಸೆದು ಬಿದ್ದ ಸಣ್ಣ ಸಣ್ಣ ಕಾಲುವೆಗಳು.

"ಯಾವ ಮಗು ಕೇಳಿದ್ರೂ ಇದೊಂದನ್ನ ಕೊಡ್ತಿರಲಿಲ್ಲವಂತೆ," ಅಂದ ವಕೀಲ. "ಕೈಯನ್ನ ಇಷ್ಟೆತ್ತರ ಹಿಡಿದು ತೋರಿಸ್ತಿದ್ದನಂತೆ, ಇಷ್ಟೆತ್ತರದವಳದು, ನನ್ನದಲ್ಲ ಅಂತ. ಯಾರಾದ್ರೂ ಕೇಳ್ಕೊಂಡು ಬಂದರೆ ಕೊಡಿ ಅಂತ ಇವರಜ್ಜಿ ಹೇಳಿ ಹೋಗಿದ್ದಾರೆ. ಅದಕ್ಕೆ ಇಟ್ಕೊಂಡಿದ್ದಾರೆ."

ಅಜ್ಜಿ ಸೆರಗಿನ ತುದಿಯಿಂದ ಫೋನಿನ ಗಾಜು ಒರೆಸಿದಳು. ಅದರ ಮೇಲೆ ಬಿದ್ದದ್ದು ಅವಳ ಕಣ್ಣೀರೇ. ಆದರೂ ಅವಳ ಮುಖ ಕಲ್ಲಾಟದಲ್ಲಿ ಗೆದ್ದ ಹುಡುಗಿಯ ಮುಖವಾಗಿತ್ತು.

"ಇಷ್ಟೆತ್ತರ ಅಂದನಾ," ಅಂದಳು. "ನಾನು ಅದಕ್ಕಿಂತ ಉದ್ದ ಇದ್ದೆ."

ಬಂದರಿನಿಂದ ಹಡಗಿನ ಮೊದಲ ಕೂಗು ಕೇಳಿಸಿತು. ಅಡುಗೆಯವ ದಡಬಡಿಸಿ ಎದ್ದ. ವಕೀಲ ಸ್ಕೂಟರಿಗೆ ಓಡಿದ. ಬಾಗಿಲಲ್ಲಿ ಅಡುಗೆಯವ ಒಂದು ಗಳಿಗೆ ನಿಂತ. ಈಗ ಆ ಮಾತನ್ನು ಆಡಬಹುದೋ ಬಾರದೋ ಅವನಿಗೆ ತಿಳಿಯಲಿಲ್ಲ. ಅಕ್ಕನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಮೆಲ್ಲಗೆ ಅಂದ.

"ಬರ್ತಿನಿ."

ಅವರ ಬೀದಿಯಲ್ಲಿ ಇಷ್ಟು ಕಾಲ ಕರೆ ಮಾತ್ರ ಇತ್ತು. ಓಗೊಡುವ ಮಾತನ್ನು ಅಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವಳು ಇಲ್ಲಿದ್ದಳು, ಬಾಯಿ ಬಿಗಿದುಕೊಂಡು.

"ಹೋಗಿ ಬಾ," ಅಂದಳು ಅಜ್ಜಿ.

ಅಡುಗೆಯವ ಆ ಎರಡು ಮಾತನ್ನು ಹಾಗೇ ಬಾಯಲ್ಲಿ ಹಿಡಿದುಕೊಂಡು, ಹೋಗಿಬಾ, ಹೋಗಿಬಾ ಅನ್ನುತ್ತ ಸ್ಕೂಟರ್ ಏರಿದ. ಫೋನು ಅವನ ಕೈಯಲ್ಲೇ ಇತ್ತು. ಗಾಜಿನಾಚೆಯ ತಾಯಿಯೂ ಅದನ್ನು ಕಲಿಯುತ್ತಿದ್ದದ್ದು ಬೀದಿಯ ತಿರುವಿನವರೆಗೆ ಕೇಳಿಸಿತು.

ಹಡಗು ಹೋದ ಮೇಲೆ ಅಂಗಡಿಯಲ್ಲಿ ಒಂದು ಬದಲಾವಣೆಯಾಯಿತು. ಗಿರಾಕಿಗಳು ತಲೆಯಾಡಿಸಿ ಇಳಿಯುವಾಗ ಒಳಗಿನಿಂದ ಅಜ್ಜಿ, "ಬಾಯಿ ಸತ್ತಿದೆಯೇನೋ? ಬರ್ತೀನಿ ಅಂತ ಹೇಳಿ ಹೋಗು" ಅಂತ ಗದರುತ್ತಿದ್ದಳು. ಹಳೆಯ ಗಿರಾಕಿಗಳು ಕಂಗಾಲಾದರು. ವಕೀಲ ಅವರಿಗೆ, ಕಾನೂನು ತಿದ್ದುಪಡಿಯಾಗಿದೆ, ಪಾಲಿಸಿ ಅಂದ. ದೇವರ ಗೂಡಿನ ಮುಂದೆ ಅಜ್ಜಿ ಈಗ ಏನನ್ನೂ ಕೇಳುತ್ತಿರಲಿಲ್ಲ. ದೀಪ ಹಚ್ಚಿ, ನಾಲ್ಕು ಕಲ್ಲಿನ ಪಕ್ಕದ ಖಾಲಿ ಜಾಗವನ್ನು ಒರೆಸಿ ಬರುತ್ತಿದ್ದಳು. ಕಾಯುವುದಕ್ಕೂ ಕಾಯುವುದಕ್ಕೂ ಎಷ್ಟು ಅಂತರ ಅಂತ ಅಕ್ಕ ದಿನವೂ ನೋಡಿದಳು. ಅಜ್ಜಿಯ ಊಟ ಹೆಚ್ಚಿತ್ತು.

ಗಾಳಿ ತಿರುಗಿ, ಬಿಸಿಲು ಬಲಿತು, ಸಮುದ್ರ ತಣ್ಣಗೆ ಮಲಗಿದ್ದ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ನೆರಳು ಬಿತ್ತು. ಗುಂಡಗಿನ ಮುಖ, ಸುಟ್ಟ ಕಲೆಗಳ ಮುಂಗೈ. ಅಕ್ಕ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದು ನಿಂತಳು. ವಕೀಲ ಯಂತ್ರ ನಿಲ್ಲಿಸಿದ. ಅಡುಗೆಯವ ಚಪ್ಪಲಿ ಕಳಚಿ, ಯಾರೂ ದಾರಿ ತೋರಿಸದೆ, ನುಣುಪಾದ ಹಲಗೆಯ ಮೇಲೆ ನಡೆದು ಹಿಂದಿನ ಕೋಣೆಗೆ ಹೋದ. ಅಜ್ಜಿ ಹೊಸಿಲಲ್ಲೇ ಕೂತಿದ್ದಳು. ಅವನು ಎದುರು ಕೂತು, ಅಂಗಿಯ ಒಳಜೇಬಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಅಜ್ಜಿ ಅಂಗೈ ಚಾಚಿದಳು. ಅವನು ಕಲ್ಲನ್ನು ಅದರಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದ.